ಹಳೆ ಡ್ರೋನು, ಹೊಸ ಫರ್ಮ್‌ವೇರು: ಹಾಕಬೇಕೆ, ಬಿಡಬೇಕೆ, ಹಿಂದಕ್ಕೆ ಹೋಗಬೇಕೆ?

2020ರ ಹೊಸ ವರ್ಷದ ಮೊದಲ ದಿನಗಳು. ಗೋಪ್ರೋ ಕಂಪನಿಯ ಕರ್ಮಾ ಡ್ರೋನ್ ಇಟ್ಟುಕೊಂಡಿದ್ದವರಿಗೆ ಬೇರೆ ಬೇರೆ ದೇಶಗಳಲ್ಲಿ ಒಂದೇ ತೊಂದರೆ ಕಾಣಿಸಿಕೊಂಡಿತು. ಕಂಟ್ರೋಲರ್ ಪರದೆಯ ಮೇಲೆ ಜಿಪಿಎಸ್ ಸಿಗ್ನಲ್ ಇಲ್ಲ. ದಿಕ್ಸೂಚಿಯ ಕ್ಯಾಲಿಬ್ರೇಷನ್ ಮುಗಿಯುವುದೇ ಇಲ್ಲ. ಡ್ರೋನ್ ಬಿದ್ದಿಲ್ಲ, ಒಡೆದಿಲ್ಲ, ಬ್ಯಾಟರಿ ಚೆನ್ನಾಗಿದೆ, ಆದರೆ ನೆಲ ಬಿಟ್ಟು ಏಳುತ್ತಿಲ್ಲ. ಜಿಪಿಎಸ್ ಗಡಿಯಾರದ ಲೆಕ್ಕವೇ ಇದಕ್ಕೆ ಕಾರಣ ಎಂದು ಆಗಿನ ವರದಿಗಳು ಹೇಳಿದವು. ಜಿಪಿಎಸ್ ಉಪಗ್ರಹಗಳು ಹಳೆಯ ಪದ್ಧತಿಯಲ್ಲಿ ವಾರದ ಸಂಖ್ಯೆಯನ್ನು ಹತ್ತು ಬಿಟ್‌ನಲ್ಲಿ ಕಳಿಸುತ್ತವೆ. ಹತ್ತು ಬಿಟ್ ಅಂದರೆ 1024 ವಾರ, ಹತ್ತಿರ ಹತ್ತಿರ ಇಪ್ಪತ್ತು ವರ್ಷ. ಆಮೇಲೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತೆ. 2019ರ ಏಪ್ರಿಲ್ 6ರ ರಾತ್ರಿ ಹೀಗೆ ಎಣಿಕೆ ತಿರುಗಿತ್ತು. ರಿಸೀವರ್ ಮಾಡಿದವರು ಎಣಿಕೆಯನ್ನು ಬೇರೆ ದಿನದಿಂದ ಶುರು ಮಾಡಿಕೊಂಡಿದ್ದರೆ, ಅದೇ ತೊಂದರೆ ತಿಂಗಳುಗಳ ನಂತರ ಬರಬಹುದು.

ಗೋಪ್ರೋ ಮುಖ್ಯ ಕಚೇರಿ ಇರೋದು ಸ್ಯಾನ್ ಮಟೆಯೊದಲ್ಲಿ, ನಮ್ಮ ರೆಡ್‌ವುಡ್ ಸಿಟಿಯ ಪಕ್ಕದಲ್ಲೇ, ಒಂದೇ ಕೌಂಟಿ. ಕಂಪನಿ 2018ರ ಜನವರಿಯಲ್ಲೇ ಡ್ರೋನ್ ವ್ಯವಹಾರ ನಿಲ್ಲಿಸುತ್ತೇವೆ ಅಂತ ಹೇಳಿಬಿಟ್ಟಿತ್ತು. ಅಂದರೆ ಎರಡು ವರ್ಷದ ಹಿಂದೆ ಕೈಬಿಟ್ಟ ಸಾಮಾನಿಗೆ ಈಗ ಹೊಸ ಫರ್ಮ್‌ವೇರ್ ಬರೆಯಬೇಕಾಯಿತು. ಬರೆದರು. ಕೆಲವೇ ವಾರಗಳಲ್ಲಿ ಅಪ್‌ಡೇಟ್ ಬಂತು, ಕರ್ಮಾಗಳು ಮತ್ತೆ ಹಾರಿದವು. ಅವತ್ತು ಬರೆಯದೇ ಹೋಗಿದ್ದರೆ? ನೂರಾರು ಡಾಲರ್ ಕೊಟ್ಟು ಕೊಂಡ ಡ್ರೋನ್ ಕಪಾಟಿನಲ್ಲಿಡುವ ಗೊಂಬೆಯಾಗುತ್ತಿತ್ತು.

ನಮ್ಮಲ್ಲಿ ಎಷ್ಟೋ ಜನ ಸೆಕೆಂಡ್ ಹ್ಯಾಂಡ್ ಡ್ರೋನ್ ಕೊಳ್ಳುತ್ತೇವೆ. ಹೊಸದಕ್ಕೆ ವಿದ್ಯಾರ್ಥಿಯ ಜೇಬು ಸಾಲದು. ಸೀನಿಯರ್ ಒಬ್ಬರು ಊರು ಬಿಡುವಾಗ ಮಾವಿಕ್ ಪ್ರೊ ಕೊಟ್ಟು ಹೋಗುತ್ತಾರೆ, ಕ್ರೇಗ್ಸ್‌ಲಿಸ್ಟ್‌ನಲ್ಲಿ ಫ್ಯಾಂಟಮ್ ಸಿಗುತ್ತೆ. ಮನೆಗೆ ತಂದು ಆನ್ ಮಾಡಿದ ಕೂಡಲೇ ಪರದೆ ಕೇಳುತ್ತೆ: ಹೊಸ ಫರ್ಮ್‌ವೇರ್ ಇದೆ, ಅಪ್‌ಡೇಟ್ ಮಾಡಲೇ? ಈ ಪ್ರಶ್ನೆಗೆ ಕಣ್ಣು ಮುಚ್ಚಿ ಹೂಂ ಅನ್ನೋದೂ ತಪ್ಪು, ಕಣ್ಣು ಮುಚ್ಚಿ ಊಹೂಂ ಅನ್ನೋದೂ ತಪ್ಪು. ಹಾಗಾದರೆ ಹೇಗೆ ತೀರ್ಮಾನ ಮಾಡೋದು, ಮಾಡಿದ ಮೇಲೆ ಏನು ನೋಡೋದು ಅನ್ನೋದು ಈ ಲೇಖನದ ವಿಷಯ.

ಒಂದು ಡ್ರೋನ್, ಹತ್ತಾರು ಮಿದುಳು

ಫರ್ಮ್‌ವೇರ್ ಅಂದರೆ ಯಂತ್ರದ ಚಿಪ್‌ನೊಳಗೇ ಕೂತು ಅದನ್ನು ನಡೆಸುವ ತಂತ್ರಾಂಶ. ಫೋನಿನ ಆ್ಯಪ್ ಬೇರೆ, ಇದು ಬೇರೆ. ಮುಖ್ಯವಾಗಿ ತಿಳಿಯಬೇಕಾದದ್ದು ಏನೆಂದರೆ, ಕ್ಯಾಮೆರಾ ಡ್ರೋನಿನಲ್ಲಿ ಫರ್ಮ್‌ವೇರ್ ಒಂದೇ ಕಡೆ ಇರೋದಿಲ್ಲ. ಹಾರಾಟ ನಿಯಂತ್ರಿಸುವ ಫ್ಲೈಟ್ ಕಂಟ್ರೋಲರ್‌ಗೆ ಒಂದು, ಕ್ಯಾಮೆರಾಕ್ಕೆ ಒಂದು, ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಗಿಂಬಲ್‌ಗೆ ಒಂದು, ಮೋಟಾರಿಗೆ ವಿದ್ಯುತ್ ಅಳೆದು ಕೊಡುವ ಇಎಸ್‌ಸಿಗಳಿಗೆ ಒಂದು, ವಿಡಿಯೊ ಕಳಿಸುವ ರೇಡಿಯೊಗೆ ಒಂದು. ಬ್ಯಾಟರಿಯೊಳಗೂ ಸಣ್ಣ ಚಿಪ್ ಇದೆ, ಅದಕ್ಕೂ ಫರ್ಮ್‌ವೇರ್ ಇದೆ. ಕೈಯಲ್ಲಿ ಹಿಡಿಯುವ ರಿಮೋಟ್‌ಗಂತೂ ಪ್ರತ್ಯೇಕ.

ಕಂಪನಿಯವರು 'ವರ್ಷನ್ ಇಷ್ಟು' ಅಂತ ಒಂದು ಸಂಖ್ಯೆ ಹೇಳಿದಾಗ, ಅದು ಈ ಎಲ್ಲವನ್ನೂ ಸೇರಿಸಿ ಕಟ್ಟಿದ ಗಂಟಿನ ಹೆಸರು. ಆ ಗಂಟಿನೊಳಗಿನ ಭಾಗಗಳನ್ನು ಒಟ್ಟಿಗೇ ಪರೀಕ್ಷೆ ಮಾಡಿರುತ್ತಾರೆ. ಅರ್ಧ ಹೊಸದು, ಅರ್ಧ ಹಳೆಯದು ಆದರೆ ಆ ಜೋಡಿಯನ್ನು ಯಾರೂ ಹಾರಿಸಿ ನೋಡಿರೋದಿಲ್ಲ. ಡಿಜೆಐ ಡ್ರೋನಿನಲ್ಲಿ 'ಫರ್ಮ್‌ವೇರ್ ಹೊಂದಿಕೆಯಾಗುತ್ತಿಲ್ಲ' ಅನ್ನುವ ಎಚ್ಚರಿಕೆ ಬರೋದು ಹೀಗೆ. ಮೂರು ಬ್ಯಾಟರಿ ಇದ್ದು ಒಂದನ್ನೇ ಹಾಕಿ ಅಪ್‌ಡೇಟ್ ಮಾಡಿದರೆ ಉಳಿದೆರಡು ಹಳೆಯ ವರ್ಷನ್‌ನಲ್ಲೇ ಉಳಿದಿರುತ್ತವೆ.

ಆದ್ದರಿಂದ ಹಳೆ ಡ್ರೋನಿನ ವಿಷಯದಲ್ಲಿ ನಮ್ಮ ಗುರಿ 'ಎಲ್ಲಕ್ಕಿಂತ ಹೊಸದು' ಅಲ್ಲ. ಎಲ್ಲ ಭಾಗಗಳೂ ಒಂದಕ್ಕೊಂದು ಹೊಂದುವ, ನಾವು ಹಾರಿಸಿ ಪರೀಕ್ಷಿಸಿರುವ ಸ್ಥಿತಿಯೇ ಗುರಿ. ಆ ಸ್ಥಿತಿಯಿಂದ ಅಲುಗಾಡಬೇಕಾದರೆ ಕಾರಣ ಬೇಕು.

ಅಪ್‌ಡೇಟ್ ಮಾಡಲೇಬೇಕಾದ ಕಾರಣಗಳು

ಮೊದಲನೆಯದು ಸುರಕ್ಷತೆ. 2017ರಲ್ಲಿ ಡಿಜೆಐ ಸ್ಪಾರ್ಕ್ ಡ್ರೋನುಗಳು ಹಾರಾಟದ ಮಧ್ಯೆ ವಿದ್ಯುತ್ ನಿಂತು ಬೀಳುತ್ತಿವೆ ಅನ್ನುವ ದೂರುಗಳು ಬಂದವು. ಆಗಸ್ಟ್‌ನಲ್ಲಿ ಕಂಪನಿ ಹೊಸ ಫರ್ಮ್‌ವೇರ್ ಕೊಟ್ಟು, ಸೆಪ್ಟೆಂಬರ್ 1ರೊಳಗೆ ಹಾಕಿಕೊಳ್ಳದಿದ್ದರೆ ಡ್ರೋನ್ ಮೇಲೇಳುವುದೇ ಇಲ್ಲ ಅಂತ ಹೇಳಿತು. ಇಂಥ ಅಪ್‌ಡೇಟ್ ಬಗ್ಗೆ ಚರ್ಚೆ ಬೇಡ. ಕೆಳಗೆ ಇರುವವರ ತಲೆ ನಮ್ಮ ಸ್ವಾತಂತ್ರ್ಯಕ್ಕಿಂತ ದೊಡ್ಡದು. ಇವತ್ತು ನೀವು ಕೊಂಡ ಹಳೇ ಸ್ಪಾರ್ಕ್ ವರ್ಷಾನುಗಟ್ಟಲೆ ಪೆಟ್ಟಿಗೆಯಲ್ಲೇ ಇದ್ದದ್ದಾದರೆ ಮೊದಲು ನೋಡಬೇಕಾದದ್ದೇ ಇದು.

ಹಾಗಂತ ಎಲ್ಲ ರೋಗಕ್ಕೂ ಫರ್ಮ್‌ವೇರ್ ಮದ್ದಲ್ಲ. ಕರ್ಮಾದ್ದೇ ಇನ್ನೊಂದು ಕತೆ ಇದೆ. 2016ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದ ಅದು ನವೆಂಬರ್‌ನಲ್ಲೇ ವಾಪಸ್ ಹೋಯಿತು. ಸುಮಾರು 2,500 ಡ್ರೋನುಗಳನ್ನು ಹಿಂದಕ್ಕೆ ಕರೆಸಿಕೊಂಡರು. ಅಲ್ಲೂ ಹಾರುವಾಗ ವಿದ್ಯುತ್ ನಿಲ್ಲುತ್ತಿತ್ತು, ಆದರೆ ಕಾರಣ ಬ್ಯಾಟರಿ ಹಿಡಿದಿಡುವ ಕೊಂಡಿ. ಅಲುಗಾಟಕ್ಕೆ ಬ್ಯಾಟರಿ ಸಂಪರ್ಕ ತಪ್ಪುತ್ತಿತ್ತು. ಕೊಂಡಿಯನ್ನೇ ಬದಲಾಯಿಸಿ 2017ರ ಫೆಬ್ರವರಿಯಲ್ಲಿ ಮತ್ತೆ ಮಾರಾಟಕ್ಕೆ ಬಿಟ್ಟರು. ಎರಡೂ ಕಡೆ ರೋಗಲಕ್ಷಣ ಒಂದೇ, ಚಿಕಿತ್ಸೆ ಬೇರೆ. ಉಬ್ಬಿದ ಬ್ಯಾಟರಿ, ಬಿರುಕು ಬಿಟ್ಟ ತೋಳು, ಸವೆದ ಮೋಟಾರ್ ಇವು ಯಾವುವೂ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ.

ಎರಡನೆಯದು ಕಾನೂನು. ಅಮೆರಿಕದಲ್ಲಿ 2023ರ ಸೆಪ್ಟೆಂಬರ್ 16ರಿಂದ ರಿಮೋಟ್ ಐಡಿ ಕಡ್ಡಾಯ. 2024ರ ಮಾರ್ಚ್ 16ರ ತನಕ ಎಫ್‌ಎಎ ಸ್ವಲ್ಪ ಸಡಿಲ ಬಿಟ್ಟಿತ್ತು, ಈಗ ಅದೂ ಇಲ್ಲ. ನೋಂದಣಿ ಬೇಕಾದ ಪ್ರತಿ ಡ್ರೋನೂ ಹಾರುವಾಗ ತನ್ನ ಗುರುತು ಮತ್ತು ಸ್ಥಾನವನ್ನು ರೇಡಿಯೊದಲ್ಲಿ ಸಾರುತ್ತಿರಬೇಕು. ಕೆಲವು ಮಾಡೆಲ್‌ಗಳಿಗೆ ಈ ಶಕ್ತಿ ಫರ್ಮ್‌ವೇರ್ ಅಪ್‌ಡೇಟ್‌ನಿಂದಲೇ ಬಂತು. ಅಂಥ ಡ್ರೋನ್ ನಿಮ್ಮದಾದರೆ ಹಳೆ ವರ್ಷನ್‌ನಲ್ಲಿ ಹಾರಿಸಿದರೆ ಕಾನೂನಿನ ಹೊರಗೆ ಹೋದಂತೆ. ಮೊದಲ ಮಾವಿಕ್ ಪ್ರೊ, ಸ್ಪಾರ್ಕ್, ಫ್ಯಾಂಟಮ್ 3ರಂಥ ಹಳಬರಿಗೆ ಯಾವ ಅಪ್‌ಡೇಟ್ ಹಾಕಿದರೂ ಇದು ಬರೋದಿಲ್ಲ. ಅವಕ್ಕೆ ಹೊರಗಿನಿಂದ ಒಂದು ಪುಟ್ಟ ಮಾಡ್ಯೂಲ್ ಕೊಂಡು ಅಂಟಿಸಬೇಕು, ಅದರ ಸೀರಿಯಲ್ ನಂಬರನ್ನು ಎಫ್‌ಎಎ ನೋಂದಣಿಗೆ ಸೇರಿಸಬೇಕು. 250 ಗ್ರಾಂಗಿಂತ ಕಡಿಮೆ ತೂಕದ್ದನ್ನು ಬರೀ ಖುಷಿಗಾಗಿ ಹಾರಿಸುವವರಿಗೆ ನೋಂದಣಿಯೂ ಬೇಡ, ಇದೂ ಬೇಡ. 249 ಗ್ರಾಂನ ಮಾವಿಕ್ ಮಿನಿ ವಿದ್ಯಾರ್ಥಿಗಳ ಕೈಯಲ್ಲಿ ಹೆಚ್ಚು ಕಾಣೋದಕ್ಕೆ ಇದೂ ಒಂದು ಕಾರಣ. ಆದರೆ ಅದರ ಮೇಲೆ ಮಾಡ್ಯೂಲೋ ಇನ್ನೊಂದೋ ಅಂಟಿಸಿದರೆ ತೂಕ ಗಡಿ ದಾಟುತ್ತೆ ಅನ್ನೋದು ನೆನಪಿರಲಿ.

ಮೂರನೆಯದು ಹೊಂದಾಣಿಕೆ. ಹೊಸ ಆ್ಯಪ್ ಹಳೆ ಫರ್ಮ್‌ವೇರ್ ಜೊತೆ ಮಾತಾಡದಿರಬಹುದು. ಜಿಪಿಎಸ್ ತಾರೀಖಿನಂಥ ತೊಂದರೆಗಳು ಅಪ್‌ಡೇಟ್ ಇಲ್ಲದೆ ಸರಿಹೋಗದಿರಬಹುದು.

ಈ ಮೂರರಲ್ಲಿ ಒಂದೂ ನಿಮಗೆ ಅನ್ವಯಿಸದಿದ್ದರೆ, ಡ್ರೋನ್ ಚೆನ್ನಾಗಿ ಹಾರುತ್ತಿದ್ದರೆ, ಕಾಯಬಹುದು. ಮುಖ್ಯವಾಗಿ ಪ್ರವಾಸದ ಹಿಂದಿನ ರಾತ್ರಿ, ಹೋಟೆಲಿನ ಕುಂಟು ವೈಫೈನಲ್ಲಿ ಅಪ್‌ಡೇಟ್ ಮಾಡೋದು ಬೇಡ. ಯೊಸೆಮಿಟಿಗೆ ಹೋಗುವವರಿಗಂತೂ ಆ ತಲೆನೋವೇ ಇಲ್ಲ, ನ್ಯಾಷನಲ್ ಪಾರ್ಕ್‌ಗಳಲ್ಲಿ 2014ರಿಂದ ಡ್ರೋನ್ ನಿಷೇಧ ಇದೆ.

ಅಪ್‌ಡೇಟ್ ಮಾಡುವ ಕ್ರಮ

ಮಾಡೋದು ಅಂತ ತೀರ್ಮಾನ ಆದ ಮೇಲೆ, ಒಂದು ಬಿಡುವಿನ ಮಧ್ಯಾಹ್ನ ಇಟ್ಟುಕೊಳ್ಳಿ.

1. ಈಗಿರುವ ವರ್ಷನ್ ಬರೆದಿಟ್ಟುಕೊಳ್ಳಿ. ಡ್ರೋನ್, ರಿಮೋಟ್, ಪ್ರತಿ ಬ್ಯಾಟರಿ, ಫೋನಿನ ಆ್ಯಪ್, ಎಲ್ಲದರದ್ದೂ. ಪರದೆಯ ಫೋಟೊ ತೆಗೆದರೂ ಸಾಕು. ಹಿಂದಕ್ಕೆ ಹೋಗಬೇಕಾದರೆ ದಾರಿ ತೋರಿಸೋದು ಇದೇ.

2. ಹೊಸ ವರ್ಷನ್‌ನ ರಿಲೀಸ್ ನೋಟ್ಸ್ ಪೂರ್ತಿ ಓದಿ. ಏನು ಬದಲಾಗಿದೆ, ಯಾವ ಆ್ಯಪ್ ವರ್ಷನ್ ಬೇಕು ಅನ್ನೋದು ಅಲ್ಲಿರುತ್ತೆ. 'ಇದನ್ನು ಹಾಕಿದ ಮೇಲೆ ಹಿಂದಿನದಕ್ಕೆ ಮರಳಲಾಗದು' ಎಂಬ ಸಾಲು ಇದ್ದರೆ ಅದೂ ಅಲ್ಲೇ ಇರುತ್ತೆ. ಈ ಒಂದು ಸಾಲಿಗಾಗಿಯೇ ಓದಬೇಕು.

3. ಮೆಮೊರಿ ಕಾರ್ಡಿನ ಫೋಟೊ, ವಿಡಿಯೊ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಿ.

4. ಪ್ರೊಪೆಲ್ಲರ್ ಬಿಚ್ಚಿಡಿ. ಗಿಂಬಲ್ ಮೇಲಿನ ಪ್ಲಾಸ್ಟಿಕ್ ಹಿಡಿಕೆ ತೆಗೆಯಿರಿ, ಇಲ್ಲದಿದ್ದರೆ ಗಿಂಬಲ್ ಮೋಟಾರ್ ಒದ್ದಾಡುತ್ತೆ.

5. ಡ್ರೋನ್ ಮತ್ತು ರಿಮೋಟ್ ಎರಡರಲ್ಲೂ ಚಾರ್ಜ್ ಅರ್ಧಕ್ಕಿಂತ ಹೆಚ್ಚಿರಲಿ. ಪೂರ್ತಿ ಇದ್ದರೆ ಇನ್ನೂ ಒಳ್ಳೆಯದು. ಲ್ಯಾಪ್‌ಟಾಪ್ ನಿದ್ದೆಗೆ ಹೋಗದಂತೆ ಸೆಟ್ ಮಾಡಿ, ಚಾರ್ಜರಿಗೆ ಹಾಕಿ.

6. ಕೇಬಲ್ ಬರೀ ಚಾರ್ಜ್ ಮಾಡುವಂಥದ್ದಲ್ಲ, ಡೇಟಾ ಹೋಗುವಂಥದ್ದು ಇರಬೇಕು. 'ಡ್ರೋನ್ ಕಾಣಿಸ್ತಿಲ್ಲ' ಅನ್ನುವ ಎಷ್ಟೋ ದೂರುಗಳು ಕೇಬಲ್ ಬದಲಾಯಿಸಿದ ಕೂಡಲೇ ಮುಗಿಯುತ್ತವೆ.

7. ಹಾರದೆ ಮೇಜಿನ ಮೇಲೆ ಕೂತ ಡ್ರೋನ್ ಬೇಗ ಬಿಸಿಯಾಗುತ್ತೆ, ಹಾರುವಾಗ ಸಿಗುವ ಗಾಳಿ ಇಲ್ಲಿಲ್ಲ. ಪಕ್ಕದಲ್ಲಿ ಒಂದು ಟೇಬಲ್ ಫ್ಯಾನ್ ಇಡಿ. ಕಂಬಳಿ, ಹಾಸಿಗೆ ಮೇಲೆ ಇಡಬೇಡಿ.

ಡಿಜೆಐ ಮಾವಿಕ್, ಸ್ಪಾರ್ಕ್, ಫ್ಯಾಂಟಮ್ 4 ಇವುಗಳಿಗೆ ಕಂಪ್ಯೂಟರಿನಲ್ಲಿ 'ಡಿಜೆಐ ಅಸಿಸ್ಟೆಂಟ್ 2' ಬೇಕು. ಈ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ತಂತ್ರಾಂಶಗಳಿವೆ, ಬೇರೆ ಬೇರೆ ಡ್ರೋನ್ ಕುಟುಂಬಕ್ಕೆ ಬೇರೆ ಬೇರೆ. ನಿಮ್ಮ ಮಾಡೆಲ್‌ನ ಡೌನ್‌ಲೋಡ್ ಪುಟದಲ್ಲಿ ಕೊಟ್ಟಿರುವುದನ್ನೇ ತೆಗೆದುಕೊಳ್ಳಿ. ಲಾಗಿನ್ ಆಗಿ, ಡ್ರೋನ್ ಜೋಡಿಸಿದರೆ ವರ್ಷನ್‌ಗಳ ಪಟ್ಟಿ ಬರುತ್ತೆ. ಬೇಕಾದ್ದನ್ನು ಒತ್ತಿ ಸುಮ್ಮನೆ ಕಾಯಬೇಕು. ಮಧ್ಯದಲ್ಲಿ ಡ್ರೋನ್ ತಾನಾಗೇ ರೀಸ್ಟಾರ್ಟ್ ಆಗಬಹುದು, ಪ್ರಗತಿ ತೋರಿಸುವ ಗೆರೆ ಒಂದೇ ಕಡೆ ನಿಂತಂತೆ ಕಾಣಬಹುದು. ತಾಳಿದವನು ಬಾಳಿಯಾನು. ಆ ಹೊತ್ತಿನಲ್ಲಿ ಕೇಬಲ್ ಕಿತ್ತರೆ ಅಥವಾ ಆಫ್ ಮಾಡಿದರೆ ಒಂದು ಚಿಪ್ ಹೊಸದಾಗಿ ಇನ್ನೊಂದು ಹಳೆಯದಾಗಿಯೇ ಉಳಿಯುತ್ತೆ. ಕೆಟ್ಟ ಗಳಿಗೆಯಾದರೆ ಡ್ರೋನ್ ಎದ್ದೇಳುವುದೇ ಇಲ್ಲ.

ಫ್ಯಾಂಟಮ್ 3 ಪ್ರೊಫೆಷನಲ್, ಅಡ್ವಾನ್ಸ್ಡ್ ಇವುಗಳದ್ದು ಇನ್ನೂ ಹಳೆ ಕಾಲದ ಪದ್ಧತಿ. ಕಂಪನಿಯ ಪುಟದಿಂದ ಬಂದ ಜಿಪ್ ಬಿಚ್ಚಿದರೆ 'ಬಿನ್' ಎಂದು ಕೊನೆಯಾಗುವ ಒಂದು ಫೈಲ್ ಸಿಗುತ್ತೆ. ಅದನ್ನು ಕ್ಯಾಮೆರಾದ ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿ, ಯಾವ ಫೋಲ್ಡರಿನ ಒಳಗೂ ಅಲ್ಲ, ಹೊರಗೇ ಹಾಕಬೇಕು. ಕಾರ್ಡ್ ಸೇರಿಸಿ ಡ್ರೋನ್ ಆನ್ ಮಾಡಿದರೆ ಕ್ಯಾಮೆರಾ ಒಂದೇ ಲಯದಲ್ಲಿ ಬೀಪ್ ಮಾಡುತ್ತಾ ಅಪ್‌ಡೇಟ್ ಶುರುಮಾಡುತ್ತೆ. ಅರ್ಧ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಮುಗಿದಾಗ ಬೀಪ್‌ನ ಲಯ ಬದಲಾಗುತ್ತೆ. ಆಮೇಲೆ ಅದೇ ಕಾರ್ಡಿನಲ್ಲಿ ಒಂದು ಟೆಕ್ಸ್ಟ್ ಫೈಲ್ ಮೂಡಿರುತ್ತೆ, ಆಯಿತೋ ಕೆಟ್ಟಿತೋ ಅಂತ ಅದರಲ್ಲಿ ಬರೆದಿರುತ್ತೆ. ಬೀಪ್ ನಂಬಬೇಡಿ, ಆ ಫೈಲ್ ತೆರೆದು ಓದಿ. ಆಮೇಲೆ ರಿಮೋಟ್, ಆಮೇಲೆ ಒಂದೊಂದಾಗಿ ಉಳಿದ ಬ್ಯಾಟರಿಗಳು.

ಫೋನಿನ ಕಡೆಯೂ ಒಂದು ಮಾತು. ಮೊದಲ ತಲೆಮಾರಿನ ಫ್ಯಾಂಟಮ್ 3ಕ್ಕೆ 'ಡಿಜೆಐ ಗೋ', ಮಾವಿಕ್ ಪ್ರೊ, ಸ್ಪಾರ್ಕ್, ಮಾವಿಕ್ 2 ಇವಕ್ಕೆ 'ಡಿಜೆಐ ಗೋ 4', ಮಾವಿಕ್ ಮಿನಿ ಮತ್ತು ಆಮೇಲಿನವಕ್ಕೆ 'ಡಿಜೆಐ ಫ್ಲೈ'. ಹೊಸ ಫೋನಿನಲ್ಲಿ ಹಳೆ ಆ್ಯಪ್ ಕೆಲಸ ಮಾಡುತ್ತೆ ಅನ್ನುವ ಭರವಸೆ ಇಲ್ಲ. ಪಿಕ್ಸೆಲ್ 7ರಿಂದ ಈಚೆಗಿನ ಪಿಕ್ಸೆಲ್ ಫೋನುಗಳಲ್ಲಿ 32 ಬಿಟ್ ಆ್ಯಪ್‌ಗಳು ಓಡುವುದೇ ಇಲ್ಲ. ಹಳೆ ಫೋನನ್ನು ಮಾರುವ ಬದಲು ಡ್ರೋನಿಗೇ ಮೀಸಲಿಟ್ಟು, ಅದರಲ್ಲಿ ಆಟೊ ಅಪ್‌ಡೇಟ್ ಆಫ್ ಮಾಡಿಟ್ಟುಕೊಳ್ಳೋದು ಜಾಣತನ.

ಹಿಂದಕ್ಕೆ ಹೋಗೋದು

ಅಪ್‌ಡೇಟ್ ಆದ ಮೇಲೆ ವಿಡಿಯೊ ತಡವರಿಸುತ್ತಿದೆ, ಗಿಂಬಲ್ ಓರೆಯಾಗಿದೆ, ಆ್ಯಪ್ ಮುಚ್ಚಿ ಹೋಗುತ್ತಿದೆ. ಆಗ ಮನಸ್ಸಿಗೆ ಮೊದಲು ಬರೋದು ರೋಲ್‌ಬ್ಯಾಕ್. ಆದರೆ ಅದಕ್ಕೂ ಮೊದಲು ಮೂರು ಮೆಟ್ಟಿಲಿದೆ. ಮೊದಲು ಕ್ಯಾಲಿಬ್ರೇಷನ್: ಐಎಂಯು, ದಿಕ್ಸೂಚಿ, ಗಿಂಬಲ್ ಮೂರನ್ನೂ ಹೊಸದಾಗಿ ಮಾಡಿ. ಎರಡನೆಯದು, ಎಲ್ಲ ಭಾಗಗಳ ವರ್ಷನ್ ಹೊಂದುತ್ತಿದೆಯೇ ನೋಡಿ. ಮೂರನೆಯದು, ಅದೇ ವರ್ಷನ್ನನ್ನು ಮತ್ತೊಮ್ಮೆ ಹಾಕಿ. ಡಿಜೆಐ ಅಸಿಸ್ಟೆಂಟ್‌ನಲ್ಲಿ ಇದಕ್ಕೆ 'ರಿಫ್ರೆಶ್' ಅಂತ ಬಟನ್ನೇ ಇದೆ. ಅರ್ಧಂಬರ್ಧ ಕೂತದ್ದು ಈಗ ಸರಿಯಾಗಿ ಕೂರುತ್ತೆ.

ಇದಾದ ಮೇಲೂ ತೊಂದರೆ ಉಳಿದರೆ ಹಿಂದಿನ ವರ್ಷನ್ ನೋಡಬಹುದು. ಅಸಿಸ್ಟೆಂಟ್ ಪಟ್ಟಿಯಲ್ಲಿ ಹಳೆಯದು ಕಾಣಿಸಿದರೆ ಅದು ಕಂಪನಿಯೇ ತೆರೆದಿಟ್ಟ ಬಾಗಿಲು, ಆ ಬಾಗಿಲಲ್ಲಿ ಹೋಗಬಹುದು. ಕಾಣಿಸದಿದ್ದರೆ ಸಾಮಾನ್ಯವಾಗಿ ಬಾಗಿಲು ಮುಚ್ಚಿದೆ ಅಂತ ಅರ್ಥ. ಫರ್ಮ್‌ವೇರ್ ಫೈಲಿಗೆ ಕಂಪನಿಯ ಡಿಜಿಟಲ್ ಸಹಿ ಇರುತ್ತೆ, ಸಹಿ ಇಲ್ಲದ್ದನ್ನು ಚಿಪ್ ಒಪ್ಪೋದಿಲ್ಲ. ಇನ್ನು ಕೆಲವು ಚಿಪ್‌ಗಳು 'ಇದಕ್ಕಿಂತ ಹಳೆಯದು ಬೇಡ' ಅನ್ನುವ ಒಂದು ಕನಿಷ್ಠ ಸಂಖ್ಯೆಯನ್ನು ಒಳಗೇ ನೆನಪಿಟ್ಟುಕೊಳ್ಳುತ್ತವೆ. ಸಹಿ ಸರಿಯಿದ್ದರೂ ಸಂಖ್ಯೆ ಕಡಿಮೆಯಿದ್ದರೆ ಒಳಗೆ ಬಿಡೋದಿಲ್ಲ. ತೂತು ಮುಚ್ಚಿದ ಮೇಲೆ ಯಾರೂ ಹಳೆ ತೂತಿನಿಂದ ನುಗ್ಗಬಾರದು ಅನ್ನೋದು ಇದರ ಉದ್ದೇಶ. ಗುರುತಿಲ್ಲದ ಸೈಟಿನಿಂದ ತಂದ ಫೈಲನ್ನು ಬಲವಂತವಾಗಿ ತುರುಕಲು ಹೋದರೆ ಡ್ರೋನ್ ಇಟ್ಟಿಗೆಯಾಗುವ ಸಾಧ್ಯತೆಯ ಜೊತೆ, ಲ್ಯಾಪ್‌ಟಾಪಿಗೆ ಏನು ಬಂತು ಅನ್ನುವ ಚಿಂತೆಯೂ ಸೇರುತ್ತೆ.

ಕೆಲವರು ಹಿಂದಕ್ಕೆ ಹೋಗಲು ಬಯಸೋದು ಬೇರೆ ಕಾರಣಕ್ಕೆ: ಹೊಸ ವರ್ಷನ್ ಹಾಕಿದ ಕಟ್ಟುಪಾಡು ಬೇಡ ಅಂತ. ಈ ಸಿಟ್ಟಿಗೆ ಕಾರಣ ಇಲ್ಲದೆ ಇಲ್ಲ. 2017ರ ಮೇನಲ್ಲಿ ಡಿಜೆಐ, ಹೊಸ ಫರ್ಮ್‌ವೇರ್ ಹಾಕಿದವರು ಲಾಗಿನ್ ಆಗಿ ಸಕ್ರಿಯಗೊಳಿಸದಿದ್ದರೆ ಡ್ರೋನ್ 30 ಮೀಟರ್ ಎತ್ತರ, 50 ಮೀಟರ್ ದೂರದೊಳಗೇ ಹಾರುತ್ತೆ, ಲೈವ್ ವಿಡಿಯೊ ಬರೋದಿಲ್ಲ ಅಂತ ಘೋಷಿಸಿತು. ದುಡ್ಡು ಕೊಟ್ಟವರು ನಾವು, ಅಪ್ಪಣೆ ಕೊಡೋದು ಅವರಾ ಅಂತ ಅನೇಕರು ಕೇಳಿದರು. ಪ್ರಶ್ನೆ ಸರಿಯೇ. ಆದರೆ ಇನ್ನೊಂದು ಕಡೆಯನ್ನೂ ನೋಡಿ. 2025ರ ಜನವರಿಯಲ್ಲಿ ಅದೇ ಡಿಜೆಐ ಅಮೆರಿಕದಲ್ಲಿ ತನ್ನ ಹಾರಾಟ ನಿಷೇಧ ವಲಯದ ಬೀಗವನ್ನು ತಾನೇ ತೆಗೆದು, ಎಫ್‌ಎಎ ನಕ್ಷೆ ತೋರಿಸಿ ಬರೀ ಎಚ್ಚರಿಕೆ ಕೊಡುವ ಪದ್ಧತಿಗೆ ಬಂತು. ಬೀಗ ಹೋಯಿತು, ಕಾನೂನು ಹೋಗಲಿಲ್ಲ. 400 ಅಡಿ ಎತ್ತರದ ಮಿತಿ, ವಿಮಾನ ನಿಲ್ದಾಣದ ವಲಯ, ಎಲ್ಲಾ ಇದ್ದಲ್ಲೇ ಇವೆ. ತಂತ್ರಾಂಶ ತಡೆಯದಿದ್ದರೆ ಜವಾಬ್ದಾರಿ ನಮ್ಮ ತಲೆಗೇ ಬರುತ್ತೆ, ಅಷ್ಟೆ. ಅಪ್‌ಡೇಟ್‌ನಿಂದ ರಿಮೋಟ್ ಐಡಿ ಪಡೆದ ಡ್ರೋನನ್ನು ಹಿಂದಕ್ಕೆ ಒಯ್ದರೆ ಅದೂ ಕಳೆದುಹೋಗಬಹುದು. ವೀಸಾದ ಮೇಲೆ ಇರುವ ನಮಗೆ ಈ ಅಪಾಯ ಬೇಡವೇ ಬೇಡ.

ಹಿಂದಕ್ಕೆ ಹೋಗುವಾಗ ನೆನಪಿಡಬೇಕಾದ ಒಂದೇ ಸೂತ್ರ: ಹೋದರೆ ಎಲ್ಲರೂ ಒಟ್ಟಿಗೆ ಹೋಗಬೇಕು. ಡ್ರೋನ್, ರಿಮೋಟ್, ಬ್ಯಾಟರಿ, ಆ್ಯಪ್. ಮೊದಲೇ ಬರೆದಿಟ್ಟ ಸಂಖ್ಯೆಗಳು ಈಗ ಉಪಯೋಗಕ್ಕೆ ಬರುತ್ತವೆ.

ಮೇಲಕ್ಕಾಗಲಿ ಕೆಳಕ್ಕಾಗಲಿ, ಆಮೇಲಿನ ಮೊದಲ ಹಾರಾಟ

ಫರ್ಮ್‌ವೇರ್ ಬದಲಾದ ಡ್ರೋನನ್ನು ಗೊತ್ತಿಲ್ಲದ ಡ್ರೋನ್ ಎಂದೇ ತಿಳಿಯಿರಿ. ಸೆಟ್ಟಿಂಗ್‌ಗಳು ಮೊದಲಿನ ಸ್ಥಿತಿಗೆ ಹೋಗಿರಬಹುದು. ಮನೆಗೆ ಮರಳುವ ಎತ್ತರ ಎಷ್ಟಿದೆ? ಸಿಗ್ನಲ್ ತಪ್ಪಿದರೆ ಏನು ಮಾಡಬೇಕು ಅಂತಿದೆ: ಮರಳೋದಾ, ಇದ್ದಲ್ಲೇ ನಿಲ್ಲೋದಾ, ಇಳಿಯೋದಾ? ಸುತ್ತ ಎತ್ತರದ ಮರ ಇರುವಲ್ಲಿ ಮರಳುವ ಎತ್ತರ 20 ಮೀಟರ್‌ಗೆ ಇಳಿದಿದ್ದರೆ ಡ್ರೋನ್ ನೇರ ಕೊಂಬೆಗೆ ಹೋಗುತ್ತೆ. ಈ ಎರಡನ್ನು ನೋಡದೆ ಮೇಲೇಳಿಸಬೇಡಿ.

ಬಯಲು ಜಾಗದಲ್ಲಿ, ಜನರಿಂದ ದೂರ, ಎರಡು ಮೀಟರ್ ಎತ್ತರಕ್ಕೆ ಏರಿಸಿ ಎರಡು ನಿಮಿಷ ಸುಮ್ಮನೆ ನಿಲ್ಲಿಸಿ. ಜಾರುತ್ತಿದೆಯೇ, ಸುತ್ತುತ್ತಿದೆಯೇ, ಮೋಟಾರ್ ಸದ್ದು ಬೇರೆಯಾಗಿದೆಯೇ ಗಮನಿಸಿ. ಆಮೇಲೆ ನಾಲ್ಕೂ ದಿಕ್ಕಿಗೆ ನಿಧಾನ, ಆಮೇಲೆ ಹತ್ತಿರದಿಂದಲೇ ಮರಳುವ ಬಟನ್ ಒತ್ತಿ ನೋಡಿ. ಪ್ರತಿ ಬ್ಯಾಟರಿಯಲ್ಲೂ ಇದನ್ನು ಒಮ್ಮೆ ಮಾಡಿ.

ಜಾಗದ ವಿಷಯದಲ್ಲಿ ರೆಡ್‌ವುಡ್ ಸಿಟಿ ಸುಲಭದ ಊರಲ್ಲ. ಸ್ಯಾನ್ ಕಾರ್ಲೋಸ್ ವಿಮಾನ ನಿಲ್ದಾಣ ಪಕ್ಕದಲ್ಲೇ ಇದೆ, ರೆಡ್‌ವುಡ್ ಶೋರ್ಸ್ ಕಡೆ ಸಣ್ಣ ವಿಮಾನಗಳು ತಲೆಯ ಮೇಲೇ ಹೋಗುತ್ತವೆ. ಆ ನಿಯಂತ್ರಿತ ವಲಯದಲ್ಲಿ ಹಾರಿಸಲು ಮೊದಲು ಲ್ಯಾನ್ಸ್ ಎಂಬ ವ್ಯವಸ್ಥೆಯ ಮೂಲಕ ಫೋನಿನಲ್ಲೇ ಅನುಮತಿ ಪಡೆಯಬೇಕು. ಬೇರ್ ಐಲ್ಯಾಂಡ್ ಖಾಲಿಯಾಗಿ ಕಾಣುತ್ತೆ, ಆದರೆ ಅದು ಡಾನ್ ಎಡ್ವರ್ಡ್ಸ್ ರಾಷ್ಟ್ರೀಯ ವನ್ಯಜೀವಿ ತಾಣದ ಭಾಗ, ಅಲ್ಲಿ ಡ್ರೋನ್ ಹಾರಿಸುವಂತಿಲ್ಲ. ಬೆಟ್ಟದ ಮೇಲಿನ ಮಿಡ್‌ಪೆನಿನ್ಸುಲಾ ಓಪನ್ ಸ್ಪೇಸ್ ಜಾಗಗಳಲ್ಲೂ ಇಲ್ಲ. ಹೊರಡುವ ಮೊದಲು ನಕ್ಷೆಯ ಆ್ಯಪ್ ಮತ್ತು ಪಾರ್ಕಿನ ನಿಯಮ ಎರಡೂ ನೋಡಿ.

ಕಾಗದಪತ್ರ ಕಷ್ಟವಿಲ್ಲ. ಟ್ರಸ್ಟ್ ಎಂಬ ಉಚಿತ ಪರೀಕ್ಷೆ, 250 ಗ್ರಾಂ ಅಥವಾ ಹೆಚ್ಚಿನದಕ್ಕೆ 5 ಡಾಲರಿನ ನೋಂದಣಿ, ಮೂರು ವರ್ಷಕ್ಕೆ. ನಾವು ಇಲ್ಲಿನ ಪ್ರಜೆಗಳಲ್ಲದಿದ್ದರೂ ಅದೇ ಜಾಲತಾಣದಲ್ಲೇ ಮಾಡೋದು. ನಮ್ಮ ಪ್ರಮಾಣಪತ್ರವನ್ನು ಅಮೆರಿಕದ ನೋಂದಣಿ ಎನ್ನದೆ ಮಾಲೀಕತ್ವದ ಗುರುತು ಎಂದು ಎಫ್‌ಎಎ ಪರಿಗಣಿಸುತ್ತೆ. ದುಡ್ಡು ತೆಗೆದುಕೊಂಡು ಶೂಟ್ ಮಾಡೋದು ಬೇರೆಯೇ ಲೈಸೆನ್ಸು, ಜೊತೆಗೆ ವೀಸಾದ ಪ್ರಶ್ನೆ. ಅದಕ್ಕೆ ಕೈ ಹಾಕುವ ಮೊದಲು ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಿ.

ಕಂಪನಿ ಹೊರಟುಹೋದ ಮೇಲೆ

ಈ ಕೊಲ್ಲಿಯ ಸುತ್ತ ಹುಟ್ಟಿದ ಮೂರು ಡ್ರೋನುಗಳ ಕತೆ ಇಲ್ಲಿ ಪಾಠವಾಗುತ್ತೆ. ಕರ್ಮಾ ನೋಡಿದೆವು. ಎರಡನೆಯದು ಬರ್ಕ್ಲಿಯ 3ಡಿಆರ್ ಕಂಪನಿಯ ಸೋಲೋ. 2015ರಲ್ಲಿ ಬಂತು, ಮರುವರ್ಷವೇ ಕಂಪನಿ ಡ್ರೋನ್ ತಯಾರಿಕೆ ಬಿಟ್ಟಿತು. ಆದರೆ ಅದರ ಹಾರಾಟದ ತಂತ್ರಾಂಶಕ್ಕೆ ಮೂಲ ಆರ್ಡುಪೈಲಟ್ ಎಂಬ ಮುಕ್ತ ತಂತ್ರಾಂಶ. ಕಂಪನಿ ಉಳಿದ ಸಂಕೇತವನ್ನೂ ತೆರೆದಿಟ್ಟಿತು. ಬಳಕೆದಾರರೇ ಸೇರಿ 'ಓಪನ್ ಸೋಲೋ' ಅನ್ನುವ ಫರ್ಮ್‌ವೇರ್ ಕಟ್ಟಿದರು. ಇಲ್ಲೂ ಒಂದು ಎಚ್ಚರ ಇತ್ತು: ಸೋಲೋದ ಮೂಲ ನಿಯಂತ್ರಕ ಇಎಸ್‌ಸಿಗಳಿಗೆ ಕಳಿಸುವ ಸಂಕೇತ 3.3 ವೋಲ್ಟಿನದು, ಇಎಸ್‌ಸಿಗಳಿಗೆ ಬೇಕಾದದ್ದು 5 ವೋಲ್ಟಿನದು. ಹಾಗಾಗಿ ಹೊಸ ಆರ್ಡುಪೈಲಟ್ ಹಾಕಬೇಕಾದವರು 'ಗ್ರೀನ್ ಕ್ಯೂಬ್' ಅನ್ನುವ ಬದಲಿ ನಿಯಂತ್ರಕವನ್ನೂ ಹಾಕಬೇಕಿತ್ತು. ಹೊಸ ಫರ್ಮ್‌ವೇರ್ ಹಳೆ ಹಾರ್ಡ್‌ವೇರ್ ಮೇಲೆ ಸುಮ್ಮನೆ ಕೂರೋದಿಲ್ಲ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಮೂರನೆಯದು ನಮ್ಮ ರೆಡ್‌ವುಡ್ ಸಿಟಿಯಲ್ಲೇ ಬೆಳೆದ ಸ್ಕೈಡಿಯೊ. 2014ರಲ್ಲಿ ಶುರುವಾಯಿತು. 2018ರಲ್ಲಿ ಬಂದ ಆರ್1 ಡ್ರೋನಿಗೆ 13 ಕ್ಯಾಮೆರಾ, ಬೆಲೆ 2,499 ಡಾಲರ್. 2019ರ ಸ್ಕೈಡಿಯೊ 2ಕ್ಕೆ 999 ಡಾಲರ್. ಮರದ ನಡುವೆ ತಾನೇ ದಾರಿ ಹುಡುಕುವ ಇವುಗಳ ಜಾಣ್ಮೆಯೆಲ್ಲಾ ತಂತ್ರಾಂಶದ್ದೇ. ಕೊಂಡ ಮೇಲೂ ಅಪ್‌ಡೇಟ್ ಮೂಲಕ ಹೊಸ ವಿದ್ಯೆ ಕಲಿಯುತ್ತಿದ್ದವು, ಆಪಲ್ ವಾಚ್‌ನಿಂದ ನಡೆಸುವುದು ಹೀಗೆ ಬಂದದ್ದೇ. 2023ರ ಆಗಸ್ಟ್‌ನಲ್ಲಿ ಕಂಪನಿ ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನು ನಿಲ್ಲಿಸಿ, ಉದ್ಯಮ ಮತ್ತು ಸರ್ಕಾರದ ಕಡೆ ತಿರುಗಿತು. ಯಾವುದೇ ಕಂಪನಿ ಹೀಗೆ ದಾರಿ ಬದಲಿಸಿದ ಮೇಲೆ ಹೊಸ ಅಪ್‌ಡೇಟ್ ಬರುವ ಖಾತ್ರಿ ಕಡಿಮೆ.

ಹಾಗಾಗಿ ಹಳೆ ಡ್ರೋನ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು ಇವು. ಇದರ ಫರ್ಮ್‌ವೇರ್ ಇವತ್ತೂ ಕಂಪನಿ ಪುಟದಲ್ಲಿ ಸಿಗುತ್ತದೆಯೇ? ಆ್ಯಪ್ ನನ್ನ ಫೋನಿನಲ್ಲಿ ಓಡುತ್ತದೆಯೇ? ಹಿಂದಿನ ಮಾಲೀಕ ತನ್ನ ಖಾತೆಯಿಂದ ಡ್ರೋನನ್ನು ಬಿಡಿಸಿಕೊಟ್ಟಿದ್ದಾನೆಯೇ? ಎಲ್ಲ ಬ್ಯಾಟರಿ ಹಾಕಿ, ಆನ್ ಮಾಡಿ, ವರ್ಷನ್ ತೋರಿಸುತ್ತಾರೆಯೇ? ಅವರ ಎದುರಿಗೇ ಹಾರಿಸಿ ನೋಡಬಹುದೇ? ಒಂದಕ್ಕಾದರೂ ಉತ್ತರ ತಡವರಿಸಿದರೆ ಬೆಲೆ ಎಷ್ಟು ಕಡಿಮೆ ಇದ್ದರೂ ದುಬಾರಿಯೇ.

ರಜೆಗೆ ಊರಿಗೆ ಒಯ್ದು ಅಕ್ಕನ ಮದುವೆಯೋ, ಜೋಗವೋ ಶೂಟ್ ಮಾಡೋಣ ಅಂತ ಅಪ್‌ಡೇಟ್ ಮಾಡುತ್ತಿರುವವರಿಗೆ ಒಂದು ಮಾತು. ಭಾರತ ಸರ್ಕಾರ 2022ರ ಫೆಬ್ರವರಿಯಿಂದ ವಿದೇಶಿ ಡ್ರೋನುಗಳ ಆಮದನ್ನು ನಿಷೇಧಿಸಿದೆ. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ. ಕಸ್ಟಮ್ಸ್ ಘೋಷಣಾ ಪತ್ರದಲ್ಲಿ ಡ್ರೋನ್ ಅಂತ ಪ್ರತ್ಯೇಕ ಸಾಲೇ ಇದೆ. ಬೆಂಗಳೂರಿನಲ್ಲಿ ಇಳಿದು ಕೌಂಟರಿನಲ್ಲಿ ಬಿಟ್ಟು ಬರುವ ಬದಲು ಇಲ್ಲೇ ಇಟ್ಟು ಹೋಗಿ.

ಕೊನೆಗೆ, ಈ ವಾರವೇ ಮಾಡಬಹುದಾದ ಒಂದು ಕೆಲಸ. ನಿಮ್ಮ ಡ್ರೋನಿನ ಕೈಪಿಡಿ, ರಿಲೀಸ್ ನೋಟ್ಸ್, ಕಂಪನಿ ಪುಟದಲ್ಲಿ ಸಿಗುವುದಾದರೆ ಫರ್ಮ್‌ವೇರ್ ಫೈಲ್, ಅದಕ್ಕೆ ಬೇಕಾದ ಕಂಪ್ಯೂಟರ್ ತಂತ್ರಾಂಶದ ಇನ್‌ಸ್ಟಾಲರ್ ಇಷ್ಟನ್ನೂ ಅಧಿಕೃತ ಜಾಗದಿಂದ ಇಳಿಸಿ ಒಂದು ಫೋಲ್ಡರಿನಲ್ಲಿ ಇಡಿ. ಈಗಿನ ವರ್ಷನ್‌ಗಳ ಚೀಟಿಯನ್ನು ಡ್ರೋನ್ ಪೆಟ್ಟಿಗೆಯೊಳಗೆ ಹಾಕಿ. ಡ್ರೋನ್ ಇನ್ನೊಬ್ಬ ಜೂನಿಯರ್ ಕೈಗೆ ಹೋಗುವ ದಿನ ಆ ಫೋಲ್ಡರ್, ಆ ಚೀಟಿ ಕೂಡ ಜೊತೆಗೆ ಹೋಗಲಿ. ಅಷ್ಟು ಹೊತ್ತಿಗೆ ಕಂಪನಿಯ ಪುಟ ಇರುತ್ತೋ ಇಲ್ಲವೋ, ಅವರಿಗೆ ಇದೇ ಆಧಾರ.